ಬಾಗಿಲು ಕಾಯುವ ಸೇವೆ: ಮೈಸೂರಿನ ಛತ್ರ, ತಂಗುದಾಣ, ಗ್ರಂಥಾಲಯಗಳ ಚರಿತ್ರೆಯಿಂದ ಒಂದು ವಿಚಾರ

ಕ್ರಿ.ಶ. 251ರಲ್ಲಿ ರೋಮಾಪುರಿಯ ಧರ್ಮಾಧ್ಯಕ್ಷರಾಗಿದ್ದ ಸಂತ ಕೊರ್ನೇಲಿಯುಸರು ಅಂತಿಯೋಕ್ಯದ ಧರ್ಮಾಧ್ಯಕ್ಷ ಫೇಬಿಯುಸರಿಗೆ ಒಂದು ಪತ್ರ ಬರೆದರು. ಚರಿತ್ರಕಾರ ಯೂಸೇಬಿಯುಸರು ತಮ್ಮ ‘ಧರ್ಮಸಭೆಯ ಚರಿತ್ರೆ’ಯ ಆರನೆಯ ಪುಸ್ತಕದಲ್ಲಿ ಅದನ್ನು ನಮಗೆ ಉಳಿಸಿಕೊಟ್ಟಿದ್ದಾರೆ. ರೋಮಿನ ಸಭೆ ಎಷ್ಟು ದೊಡ್ಡದೆಂಬುದನ್ನು ತೋರಿಸಲು ಕೊರ್ನೇಲಿಯುಸರು ಅಲ್ಲಿ ಲೆಕ್ಕ ಕೊಡುತ್ತಾರೆ: ಗುರುಗಳು 46, ಸೇವಾದರ್ಶಿಗಳು 7, ಉಪಸೇವಾದರ್ಶಿಗಳು 7, ಪೀಠಸೇವಕರು 42, ಭೂತೋಚ್ಚಾಟಕರು, ವಾಚಕರು ಹಾಗೂ ದ್ವಾರಪಾಲಕರು ಸೇರಿ 52. ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಸಭೆಯು ಪೋಷಿಸುತ್ತಿದ್ದ ವಿಧವೆಯರೂ ದಿಕ್ಕಿಲ್ಲದವರೂ 1,500ಕ್ಕೂ ಹೆಚ್ಚು ಎಂದು ಅವರು ಅದೇ ಉಸಿರಿನಲ್ಲಿ ಹೇಳುತ್ತಾರೆ.

ಈ ಪಟ್ಟಿಯಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಮೊದಲನೆಯದು, ಓದುವವನೂ ಬಾಗಿಲು ಕಾಯುವವನೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಎರಡನೆಯದು, ಅವರ ಬೆನ್ನಿಗೇ ನಿರ್ಗತಿಕರಿದ್ದಾರೆ. ಗ್ರಂಥ, ಬಾಗಿಲು, ಬಡವ ಈ ಮೂರೂ ಬೇರೆ ಬೇರೆ ಇಲಾಖೆಗಳ ವಿಷಯವೆಂದು ಆ ಕಾಲದ ಧರ್ಮಸಭೆ ತಿಳಿದಿರಲಿಲ್ಲ. ಮುಂದೆ ಲತೀನ್ ಸಭೆಯಲ್ಲಿ ದ್ವಾರಪಾಲಕತ್ವವು ಕಿರಿಯ ದೀಕ್ಷೆಗಳಲ್ಲಿ ಮೊದಲನೆಯದಾಗಿ ನೆಲೆಗೊಂಡಿತು. ಅಭ್ಯರ್ಥಿಯ ಕೈಗೆ ಧರ್ಮಾಧ್ಯಕ್ಷರು ದೇವಾಲಯದ ಬೀಗದ ಕೈಗಳನ್ನು ಮುಟ್ಟಿಸುತ್ತಿದ್ದರು. 1972ರ ಆಗಸ್ಟ್ 15ರಂದು ಜಗದ್ಗುರು ಆರನೆಯ ಪೌಲರು ಕಿರಿಯ ದೀಕ್ಷೆಗಳನ್ನು ಪುನರ್‌ರಚಿಸಿದಾಗ ವಾಚಕ ಮತ್ತು ಪೀಠಸೇವಕ ಸೇವೆಗಳು ಉಳಿದವು; ದ್ವಾರಪಾಲಕತ್ವ ಅಳಿಯಿತು. ವಿಧಿಯಾಗಿ ಅದು ಅಳಿದುದರ ಬಗ್ಗೆ ಹೆಚ್ಚು ಶೋಕಿಸಬೇಕಾಗಿಲ್ಲ. ಆದರೆ ಬಾಗಿಲುಗಳು ಅಳಿದಿಲ್ಲ. ಬಾಗಿಲಲ್ಲಿ ನಿಂತು ಯಾರನ್ನು ಒಳಗೆ ಬಿಡಬೇಕು, ಏನು ಕೇಳಿ ಬಿಡಬೇಕು ಎಂದು ತೀರ್ಮಾನಿಸುವ ಕೆಲಸವೂ ಅಳಿದಿಲ್ಲ.

ಮನೆಯಿಲ್ಲದವರ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಸಂಖ್ಯೆಯ ಪ್ರಶ್ನೆಯಾಗಿ ಕಾಣುತ್ತೇವೆ: ಎಷ್ಟು ಹಾಸಿಗೆ, ಎಷ್ಟು ಕಟ್ಟಡ, ಎಷ್ಟು ಅನುದಾನ. ಅದು ಅಗತ್ಯವೇ. ಆದರೆ ಮೈಸೂರು ನಗರದ ಕಳೆದ ನೂರಿಪ್ಪತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ, ಬಡವನ ಪ್ರವೇಶವನ್ನು ಕಟ್ಟಡಗಳ ಸಂಖ್ಯೆಗಿಂತ ಹೆಚ್ಚಾಗಿ ಬಾಗಿಲಲ್ಲಿ ಕೇಳಲಾಗುವ ಪ್ರಶ್ನೆಯೇ ನಿರ್ಧರಿಸಿದೆ ಎಂಬುದು ಸ್ಪಷ್ಟವಾಗುತ್ತದೆ. ಒಂದು ಕಾಲದಲ್ಲಿ ಆ ಪ್ರಶ್ನೆ ‘ಯಾವ ಜಾತಿ?’ ಎಂದಿತ್ತು, ಮತ್ತೊಂದು ಕಾಲದಲ್ಲಿ ‘ದುಡಿಯುತ್ತೀಯಾ, ಬೇಡುತ್ತೀಯಾ?’ ಎಂದಾಯಿತು, ಇಂದು ಅದು ‘ವಿಳಾಸ ಎಲ್ಲಿದೆ?’ ಎಂದಾಗಿದೆ. ಈ ಲೇಖನವು ಆ ಪ್ರಶ್ನೆಗಳ ಚರಿತ್ರೆಯನ್ನು ಯಾದವಗಿರಿಯ ನೆಲೆಯಿಂದ ಹಿಂಬಾಲಿಸಿ, ನಮ್ಮ ಬಾಗಿಲಲ್ಲಿ ನಾವು ಏನು ಕೇಳುತ್ತೇವೆ ಎಂಬ ವಿಚಾರಕ್ಕೆ ಬರುತ್ತದೆ.

ಯಾದವಗಿರಿಯೆಂಬ ನೆಲೆ

ಮೈಸೂರು ರೈಲು ನಿಲ್ದಾಣದ ವಾಯವ್ಯಕ್ಕೆ, ಸ್ವಲ್ಪ ಏರುನೆಲದಲ್ಲಿ ಯಾದವಗಿರಿ ಇದೆ. ಶ್ರೀರಾಮಕೃಷ್ಣ ಆಶ್ರಮ, ಆಕಾಶವಾಣಿ ಕೇಂದ್ರ, ಮರಗಳ ನೆರಳಿನ ರಸ್ತೆಗಳು, ಅಂಗಳವುಳ್ಳ ಹಳೆಯ ಮನೆಗಳು ಈ ಬಡಾವಣೆಯ ಗುರುತು. ಅದರ ಮಗ್ಗುಲಲ್ಲೇ ಬಿದಿರಿನ ಕಸುಬಿನವರ ಹೆಸರನ್ನು ಹೊತ್ತ ಮೇದರ ಬ್ಲಾಕ್ ಇದೆ. ಇನ್ನೊಂದು ಮಗ್ಗುಲಿನ ಗೋಕುಲಂ, ಯೋಗ ಕಲಿಯಲು ಹೊರದೇಶಗಳಿಂದ ಬರುವವರಿಂದಾಗಿ ಕಳೆದ ಎರಡು ದಶಕಗಳಲ್ಲಿ ಬಾಡಿಗೆಯ ಮಾರುಕಟ್ಟೆಯಾಗಿ ಬೆಳೆದಿದೆ. ಒಂದೇ ಅಂತಸ್ತಿನ ಮನೆಗಳಿದ್ದ ಕಡೆ ವಸತಿ ಸಮುಚ್ಚಯಗಳು ಏಳುತ್ತಿವೆ. ನೆಲದ ಬೆಲೆ ಏರಿದಂತೆ ಮೊದಲು ಕಾಣೆಯಾಗುವವು ಔಟ್‌ಹೌಸುಗಳು, ಸಣ್ಣ ಬಾಡಿಗೆಯ ಕೋಣೆಗಳು, ಖಾಲಿ ನಿವೇಶನದ ಗುಡಿಸಲುಗಳು, ಜಗಲಿಗಳು. ಮನೆಗೆಲಸದವಳು, ಇಸ್ತ್ರಿಯವನು, ಕಾವಲುಗಾರ ಇವರೆಲ್ಲ ಬೆಳಗ್ಗೆ ಬಡಾವಣೆಗೆ ಬರಬೇಕು, ಸಂಜೆ ಅಲ್ಲಿಂದ ಹೊರಡಬೇಕು. ಹೊರಡಲು ಮನೆಯೇ ಇಲ್ಲದವನು ನಿಲ್ದಾಣದ ಆವರಣ, ಬಸ್ ನಿಲ್ದಾಣ, ಆಸ್ಪತ್ರೆಯ ಮುಂಭಾಗ, ಮುಚ್ಚಿದ ಅಂಗಡಿಯ ಮೆಟ್ಟಿಲು ಹುಡುಕುತ್ತಾನೆ.

‘ಯಾದವಗಿರಿ’ ಎಂಬುದು ಮೇಲುಕೋಟೆಯ ಪ್ರಾಚೀನ ಹೆಸರೂ ಹೌದು. ಸಂಪ್ರದಾಯದ ಪ್ರಕಾರ, ಚೋಳ ರಾಜನ ಕಿರುಕುಳದಿಂದ ದೇಶ ಬಿಟ್ಟ ರಾಮಾನುಜಾಚಾರ್ಯರು ಹೊಯ್ಸಳ ನಾಡಿನಲ್ಲಿ ಆಸರೆ ಪಡೆದು ನೆಲೆಸಿದ್ದು ಆ ಯಾದವಗಿರಿಯಲ್ಲಿ. ಅಸ್ಪೃಶ್ಯರೆನಿಸಿಕೊಂಡವರನ್ನು ‘ತಿರುಕುಲತ್ತಾರ್’ ಎಂದು ಕರೆದು ವರ್ಷದ ಕೆಲವು ದಿನ ದೇವಾಲಯದೊಳಕ್ಕೆ ಬರಮಾಡಿಕೊಂಡದ್ದೂ ಅಲ್ಲಿಯೇ. ಆಸರೆ ಪಡೆದವರು ಮತ್ತೊಬ್ಬರಿಗೆ ಬಾಗಿಲು ತೆರೆದರು ಎಂಬ ನೆನಪು ಈ ಹೆಸರಿನೊಳಗಿದೆ. ಬಾಗಿಲು ತೆರೆದದ್ದು ಕೆಲವು ದಿನಗಳ ಮಟ್ಟಿಗೆ ಮಾತ್ರ ಎಂಬುದೂ ಅದೇ ನೆನಪಿನ ಭಾಗ.

ಛತ್ರದ ಬಾಗಿಲು

ಮನೆಯಿಲ್ಲದವನಿಗೆ ಸೂರು ಒದಗಿಸುವುದು ಕನ್ನಡ ನಾಡಿಗೆ ಪಶ್ಚಿಮದಿಂದ ಬಂದ ಕಲ್ಪನೆಯಲ್ಲ. ಅರವಟ್ಟಿಗೆ, ಅನ್ನಛತ್ರ, ಮಠದ ದಾಸೋಹ, ದರ್ಗಾಗಳ ಲಂಗರ್ ಇವೆಲ್ಲ ನಮ್ಮ ಹಳೆಯ ಆಸರೆಗಳು. ಮೈಸೂರು ಸಂಸ್ಥಾನದಲ್ಲಿ ಅರಮನೆ ಮತ್ತು ಮುಜರಾಯಿ ಇಲಾಖೆಯ ಆಶ್ರಯದಲ್ಲಿ ಅನೇಕ ಛತ್ರಗಳು ನಡೆದವು. ನಗರದೊಳಗೆ ನಂಜರಾಜ ಬಹದ್ದೂರ್ ಛತ್ರ, ಸೀತಾವಿಲಾಸ ಛತ್ರ ಇಂದಿಗೂ ಪರಿಚಿತ ಹೆಸರುಗಳು. ಸೀತಾವಿಲಾಸದ ಹೆಸರು ರಸ್ತೆಯೊಂದಕ್ಕೇ ಅಂಟಿಕೊಂಡಿದೆ.

ಛತ್ರ ದಾರಿಹೋಕನಿಗಾಗಿ ಇದ್ದದ್ದು, ನೆಲೆ ತಪ್ಪಿದವನಿಗಾಗಿ ಅಲ್ಲ. ದಾರಿಹೋಕನಿಗೆ ಊರೊಂದಿರುತ್ತದೆ, ಅವನು ಮೂರು ದಿನ ತಂಗಿ ಹೊರಡುತ್ತಾನೆ. ಆದಿ ಕ್ರೈಸ್ತ ಸಭೆಯ ಕೈಪಿಡಿಯಾದ ‘ದಿದಾಖೆ’ ಕೂಡ ಹನ್ನೆರಡನೆಯ ಅಧ್ಯಾಯದಲ್ಲಿ ಹೆಚ್ಚು ಕಡಿಮೆ ಇದೇ ಮಿತಿಯನ್ನು ವಿಧಿಸುತ್ತದೆ: ಪ್ರಯಾಣಿಕನಿಗೆ ಎರಡು, ಹೆಚ್ಚೆಂದರೆ ಮೂರು ದಿನ ನೆರವು ಕೊಡಬೇಕು, ನೆಲೆಸಬಯಸುವವನಿಗೆ ಕಸುಬಿದ್ದರೆ ದುಡಿದುಣ್ಣಲಿ, ಕಸುಬಿಲ್ಲದಿದ್ದರೆ ಅವನ ಬಾಳಿಗೆ ಏನು ದಾರಿ ಎಂದು ಸಭೆಯೇ ಯೋಚಿಸಬೇಕು. ಮೂರು ದಿನದ ಮಿತಿಯನ್ನು ಎಲ್ಲ ಆತಿಥ್ಯ ಪರಂಪರೆಗಳೂ ನೆನಪಿಟ್ಟುಕೊಂಡಿವೆ. ‘ದಿದಾಖೆ’ಯ ಕೊನೆಯ ಮಾತು, ನಾಲ್ಕನೆಯ ದಿನದ ಹೊಣೆ ಸಭೆಯದು ಎಂಬುದು, ಬೇಗ ಮರೆತುಹೋಗುತ್ತದೆ.

ಛತ್ರದ ಬಾಗಿಲಿನ ಪ್ರಶ್ನೆ ಜಾತಿಯದಾಗಿತ್ತು. ಉಚಿತ ಊಟ ಹೆಚ್ಚಾಗಿ ಬ್ರಾಹ್ಮಣರಿಗೆ ಮೀಸಲಾಗಿತ್ತು. ಉಳಿದ ಜಾತಿಗಳಿಗೆ ಬೇರೆ ಜಾಗ, ಬೇರೆ ಪಡಿ. ಅಸ್ಪೃಶ್ಯರಿಗೆ ಹೊಸ್ತಿಲೇ ಇರಲಿಲ್ಲ. ಆದ್ದರಿಂದ ಛತ್ರದ ಕಾಲವನ್ನು ಸುವರ್ಣಯುಗವೆಂದು ಕೊಂಡಾಡುವಂತಿಲ್ಲ. ಹಾಗೆಯೇ, ಆಸರೆ ಕೊಡುವವನ ಮೇಲೆ ರಾಜ್ಯದ ಕಣ್ಣಿರುವುದೂ ಹೊಸದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ 1905ರಲ್ಲಿ ಸಿಕ್ಕಿ 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವು, ಧರ್ಮಛತ್ರಗಳನ್ನು ನಡೆಸುವವರು ತಮ್ಮಲ್ಲಿ ತಂಗಲು ಬರುವ ಪಾಷಂಡಿಗಳನ್ನೂ ಪಥಿಕರನ್ನೂ ನಗರಾಡಳಿತದ ಅಧಿಕಾರಿಗೆ ತಿಳಿಸಿಯೇ ಇರಿಸಿಕೊಳ್ಳಬೇಕೆಂದು ವಿಧಿಸುತ್ತದೆ. ಆಸರೆಯ ಬಾಗಿಲು ಒಮ್ಮೆಗೇ ಕರುಣೆಯ ಸ್ಥಳವೂ ಆಗಿತ್ತು, ತಪಾಸಣೆಯ ಠಾಣೆಯೂ ಆಗಿತ್ತು.

ನಮ್ಮ ಪರಂಪರೆಯಲ್ಲಿ ಈ ಎರಡನ್ನೂ ಬೇರ್ಪಡಿಸಲು ನಡೆದ ದೊಡ್ಡ ಯತ್ನಗಳು ನಾಲ್ಕನೆಯ ಶತಮಾನದವು. ಕ್ರಿ.ಶ. 370ರ ಸುಮಾರಿಗೆ ಸಂತ ಬೆಸಿಲರು ಕೈಸರೇಯ ನಗರದ ಹೊರಗೆ ರೋಗಿಗಳಿಗೂ ಪರಸ್ಥಳದವರಿಗೂ ಕುಷ್ಠರೋಗಿಗಳಿಗೂ ಕಟ್ಟಿಸಿದ ಆಶ್ರಯಧಾಮವನ್ನು ಅವರ ಗೆಳೆಯ ನಾಜಿಯಾನ್ಸಿನ ಸಂತ ಗ್ರೆಗೊರಿಯವರು ಹೊಸದೊಂದು ನಗರವೆಂದು ಬಣ್ಣಿಸಿದರು. ಅದಕ್ಕೂ ಮುಂಚೆ, 362ರಲ್ಲಿ, ಕ್ರೈಸ್ತಧರ್ಮವನ್ನು ತೊರೆದ ಚಕ್ರವರ್ತಿ ಜೂಲಿಯನ್ ತನ್ನ ಪುರೋಹಿತ ಅರ್ಸಾಕಿಯುಸನಿಗೆ ಬರೆದು, ಗಲಿಲೇಯದವರು ಬೆಳೆದದ್ದು ಪರಕೀಯರಿಗೆ ತೋರಿದ ದಯೆಯಿಂದ, ಆದ್ದರಿಂದ ಊರೂರಲ್ಲಿ ಅತಿಥಿಗೃಹಗಳನ್ನು ಕಟ್ಟಿಸು, ಅಲ್ಲಿ ನಮ್ಮವರಿಗಷ್ಟೇ ಅಲ್ಲ ಎಲ್ಲರಿಗೂ ಸ್ಥಳವಿರಲಿ ಎಂದು ಆಜ್ಞಾಪಿಸಿದ. ಧರ್ಮಸಭೆಯ ಬಾಗಿಲಿಗೆ ಶತ್ರುವಿನಿಂದ ಸಿಕ್ಕ ಪ್ರಮಾಣಪತ್ರವಿದು.

ಸುಧಾರಣೆಯ ಬಾಗಿಲು

1897ರಲ್ಲಿ ಮೈಸೂರಿನ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಮರುವರ್ಷ ಸಂಸ್ಥಾನಕ್ಕೆ ಪ್ಲೇಗ್ ಕಾಲಿಟ್ಟಿತು. ಕಿಕ್ಕಿರಿದ ಓಣಿಗಳಿಂದ ಜನರನ್ನು ಹೊರತಂದು ಗಾಳಿ, ಬೆಳಕು, ಚರಂಡಿಗಳಿರುವ ಬಡಾವಣೆಗಳಲ್ಲಿ ನೆಲೆಗೊಳಿಸುವುದು ಆಡಳಿತದ ಗುರಿಯಾಯಿತು. 1903ರಲ್ಲಿ ನಗರ ಸುಧಾರಣಾ ವಿಶ್ವಸ್ತ ಮಂಡಳಿ ಸ್ಥಾಪನೆಯಾಯಿತು. ಬೊಂಬಾಯಿಯಲ್ಲಿ 1898ರಲ್ಲಿ ಆರಂಭವಾಗಿದ್ದ ಇಂಥ ಮಂಡಳಿಯ ನಂತರ ಭಾರತದಲ್ಲಿ ಬಹು ಬೇಗ ಬಂದ ಪ್ರಯತ್ನವಿದು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲು ಹೀಗೆ ನಗರ ಹರಡಿಕೊಂಡಿತು. ಅದೇ ಹರವಿನ ಮುಂದಿನ ಘಟ್ಟದಲ್ಲಿ ಯಾದವಗಿರಿಯೂ ಬಂದಿತು. ಈ ಸುಧಾರಣೆ ಜೀವಗಳನ್ನು ಉಳಿಸಿತು. ಅದನ್ನು ಹಗುರವಾಗಿ ಕಾಣುವುದು ಅನ್ಯಾಯ.

ಆದರೆ ಸುಧಾರಣೆಯು ಒಂದು ಹೊಸ ಅಳತೆಗೋಲನ್ನೂ ತಂದಿತು. ಅದರ ಹೆಸರು ‘ನಿವೇಶನ’. ಉದ್ದ ಇಷ್ಟು, ಅಗಲ ಇಷ್ಟು, ಸಂಖ್ಯೆ ಇಷ್ಟು ಎಂದು ನಕ್ಷೆಯಲ್ಲಿ ಗೆರೆ ಎಳೆದ ಮೇಲೆ ನಗರವಾಸಿ ಎಂದರೆ ನಿವೇಶನವುಳ್ಳವನು ಎಂದಾಯಿತು. ಹಳೆಯ ಪೇಟೆಯಲ್ಲಿ ಜಗಲಿಯಿತ್ತು. ಅದು ಮನೆಯದೂ ಹೌದು, ಬೀದಿಯದೂ ಹೌದು. ಹೊಸ ಬಡಾವಣೆಯಲ್ಲಿ ಜಗಲಿಯ ಜಾಗಕ್ಕೆ ಕಾಂಪೌಂಡು ಗೋಡೆ ಬಂದಿತು. ಬಿಡಿ ಮನುಷ್ಯನಿಗೆ, ಕುಟುಂಬ ಕಳೆದುಕೊಂಡವನಿಗೆ, ಊರಿಂದೂರಿಗೆ ದುಡಿಮೆಗಾಗಿ ಅಲೆಯುವವನಿಗೆ ಆ ನಕ್ಷೆಯಲ್ಲಿ ಗೆರೆಯಿರಲಿಲ್ಲ. ಮನೆಗೆ ಮನೆ, ಹೊಲಕ್ಕೆ ಹೊಲ ಸೇರಿಸುತ್ತ ಹೋಗಿ ನಾಡಿನಲ್ಲಿ ತಾವೊಬ್ಬರೇ ಉಳಿಯುವವರಿಗೆ ಪ್ರವಾದಿ ಯೆಶಾಯ ಐದನೆಯ ಅಧ್ಯಾಯದಲ್ಲಿ ಹೇಳುವ ಎಚ್ಚರಿಕೆಯನ್ನು ನಾವು ಸಾಮಾನ್ಯವಾಗಿ ದುರಾಶೆಯ ಖಂಡನೆಯೆಂದು ಬೋಧಿಸುತ್ತೇವೆ. ಅದು ನಗರ ಯೋಜನೆಯ ಖಂಡನೆಯೂ ಆಗಬಹುದು. ಒಬ್ಬೊಬ್ಬರೂ ನ್ಯಾಯವಾಗಿಯೇ ಕೊಂಡ ನಿವೇಶನಗಳು ಒಟ್ಟು ಸೇರಿದಾಗ, ಕೊಳ್ಳಲಾರದವನಿಗೆ ನಿಲ್ಲಲು ನೆಲವಿಲ್ಲದಂತಾಗುತ್ತದೆ.

ಸೆರೆಯೋ ಆಸರೆಯೋ

ನಿವೇಶನವಿಲ್ಲದವನಿಗೆ ರಾಜ್ಯವು ಕೊಟ್ಟ ಮೊದಲ ಆಧುನಿಕ ಉತ್ತರ ಭಿಕ್ಷಾಟನೆಯ ನಿಷೇಧ. ಸಂಸ್ಥಾನದ ಕೊನೆಯ ವರ್ಷಗಳಲ್ಲಿಯೇ ಇಂಥ ಕಾನೂನು ಬಂದಿತ್ತು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮ ಅದನ್ನು ಮುಂದುವರಿಸಿತು. ಬೇಡುವವನನ್ನು ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದು, ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ವರ್ಷಗಟ್ಟಲೆ ಇರಿಸಬಹುದು. ಕೇಂದ್ರದ ಹೆಸರಿನಲ್ಲಿ ‘ಪರಿಹಾರ’ವಿದೆ, ಬಾಗಿಲು ಮಾತ್ರ ಹೊರಗಿನಿಂದ ಹಾಕಿದ್ದು. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹಲವಾರು ನಿವಾಸಿಗಳು ಸತ್ತಾಗ ಆ ಗೋಡೆಯ ಒಳಗಿನ ಸ್ಥಿತಿ ನಾಡಿಗೆ ತಿಳಿಯಿತು.

ಈ ವಾದವಿವಾದ ದೈವಶಾಸ್ತ್ರಕ್ಕೆ ಅಪರಿಚಿತವಲ್ಲ. 1540ರ ಸುಮಾರಿಗೆ ಸ್ಪೇನಿನ ನಗರಗಳಲ್ಲಿ ಭಿಕ್ಷುಕರನ್ನು ಪರೀಕ್ಷಿಸಿ, ಪರವಾನಗಿ ಕೊಟ್ಟು, ಪರಸ್ಥಳದವರನ್ನು ಹೊರಹಾಕುವ ನಿಯಮಗಳು ಬಂದವು. 1545ರಲ್ಲಿ ಸಲಾಮಾಂಕಾದ ದೊಮಿನಿಕನ್ ದೈವಶಾಸ್ತ್ರಜ್ಞ ದೊಮಿಂಗೊ ದೆ ಸೋತೊ ಅವುಗಳನ್ನು ವಿರೋಧಿಸಿ ಒಂದು ಪ್ರಬಂಧ ಪ್ರಕಟಿಸಿದರು. ಬೆನೆಡಿಕ್ಟಿನ್ ಸನ್ಯಾಸಿ ಹುವಾನ್ ದೆ ರೋಬ್ಲೆಸ್ ಅದೇ ವರ್ಷ ಉತ್ತರ ಬರೆದರು. ರೋಬ್ಲೆಸರ ವಾದ ನಿರ್ದಯವಾದುದಲ್ಲ: ವ್ಯವಸ್ಥೆಯಿದ್ದರೆ ನಿಜವಾದ ಬಡವನಿಗೆ ಹೆಚ್ಚು ಸಿಗುತ್ತದೆ, ಮೋಸಗಾರ ದೂರವಾಗುತ್ತಾನೆ. ಸೋತೊ ಒಪ್ಪಲಿಲ್ಲ. ಅಪರಾಧ ಮಾಡದವನನ್ನು ಯಾವ ಊರಿನಿಂದಲೂ ಹೊರಹಾಕುವಂತಿಲ್ಲ. ಬಡವನ ನಡತೆಯನ್ನು ಶ್ರೀಮಂತನ ನಡತೆಗಿಂತ ಕಟುವಾಗಿ ಪರೀಕ್ಷಿಸುವುದು ನ್ಯಾಯವಲ್ಲ. ಕೆಲವು ಅನರ್ಹರು ಪಡೆದರೂ ಚಿಂತೆಯಿಲ್ಲ, ಅರ್ಹನೊಬ್ಬ ಬರಿಗೈಯಲ್ಲಿ ಹೋಗಬಾರದು ಎಂಬುದು ಅವರ ನಿಲುವು. ನಮ್ಮ ಸೇವಾಸಂಸ್ಥೆಗಳು ಬಹುಮಟ್ಟಿಗೆ ರೋಬ್ಲೆಸರ ಶಿಷ್ಯರು. ಸೋತೊ ಅವರ ಆಕ್ಷೇಪಕ್ಕೆ ಇನ್ನೂ ಉತ್ತರ ಕೊಡಬೇಕಾಗಿದೆ.

ಭಾರತದ ನ್ಯಾಯಾಲಯಗಳು ನಿಧಾನವಾಗಿ ಸೋತೊ ಅವರ ದಿಕ್ಕಿನಲ್ಲಿ ನಡೆದಿವೆ. 1985ರ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದಿತು. ಆದರೂ ಬೊಂಬಾಯಿಯ ಕಾಲುದಾರಿವಾಸಿಗಳಿಗೆ ಅಲ್ಲಿಯೇ ಉಳಿಯುವ ಹಕ್ಕನ್ನು ಕೊಡಲಿಲ್ಲ. 2001ರಲ್ಲಿ ಆರಂಭವಾದ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ, 2010ರ ಜನವರಿಯ ಚಳಿಯಲ್ಲಿ, ದೊಡ್ಡ ನಗರಗಳು ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ ಆಶ್ರಯ ಕೇಂದ್ರ ತೆರೆಯಬೇಕೆಂದು ಅದೇ ನ್ಯಾಯಾಲಯ ಆದೇಶಿಸಿತು. 2013ರಲ್ಲಿ ರೂಪುಗೊಂಡ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಈ ಅಳತೆಯನ್ನೇ ಒಪ್ಪಿ, ಒಬ್ಬೊಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗವಿರಬೇಕೆಂದಿತು. 2018ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಭಿಕ್ಷೆ ಬೇಡುವುದನ್ನು ಅಪರಾಧವೆಂದು ಎಣಿಸುವ ಕಲಮುಗಳನ್ನು ತನ್ನ ವ್ಯಾಪ್ತಿಯಲ್ಲಿ ರದ್ದುಪಡಿಸಿತು.

2011ರ ಜನಗಣತಿಯಂತೆ ದೇಶದಲ್ಲಿ ಮನೆಯಿಲ್ಲದವರು 17.73 ಲಕ್ಷ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಗರಗಳಲ್ಲಿದ್ದರು. ಆಗ ಮೈಸೂರು ನಗರದ ಜನಸಂಖ್ಯೆ ಸುಮಾರು 9 ಲಕ್ಷ. ನ್ಯಾಯಾಲಯದ ಅಳತೆಯಂತೆ ನಮ್ಮ ನಗರಕ್ಕೆ ಒಂಬತ್ತು ಕೇಂದ್ರಗಳು ಬೇಕು. ಮಹಾನಗರ ಪಾಲಿಕೆ ಈ ಯೋಜನೆಯಡಿ ತಂಗುದಾಣಗಳನ್ನು ನಡೆಸಿದೆ. ಅವು ಎಲ್ಲಿರಬೇಕು ಎಂಬುದು ಎಷ್ಟಿರಬೇಕು ಎಂಬಷ್ಟೇ ಮುಖ್ಯ. ಹಮಾಲಿ, ಹೋಟೆಲ್ ಕೆಲಸ, ಚಿಂದಿ ಆಯುವುದು ಇವೆಲ್ಲ ನಗರದ ನಡುವೆ ನಡೆಯುವ ದುಡಿಮೆಗಳು. ನೆಲ ದುಬಾರಿಯಾಯಿತೆಂದು ತಂಗುದಾಣವನ್ನು ನಗರದ ಅಂಚಿಗೆ ಒಯ್ದರೆ, ಅವನು ಮತ್ತೆ ಮಾರುಕಟ್ಟೆಯ ಮೆಟ್ಟಿಲಲ್ಲೇ ಮಲಗುತ್ತಾನೆ. ಹಾಸಿಗೆ ಖಾಲಿಯಿದ್ದರೂ ಬರಲೊಲ್ಲ ಎಂದು ನಾವು ಅವನನ್ನೇ ದೂರುತ್ತೇವೆ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದಾಗ ಒಂದು ಅಪರೂಪದ ಸಂಗತಿ ನಡೆಯಿತು. ಬೀದಿಯಲ್ಲಿದ್ದವರಿಗೆ ಮೈಸೂರು ಪಾಲಿಕೆ ನಂಜರಾಜ ಬಹದ್ದೂರ್ ಛತ್ರದಲ್ಲಿ ಊಟ, ವಸತಿ ಕಲ್ಪಿಸಿತು. ಮಾವಿನ ಮೇಳ, ಕೈಮಗ್ಗದ ಪ್ರದರ್ಶನಗಳಿಗೆ ಬಾಡಿಗೆಗೆ ದೊರೆಯುತ್ತಿದ್ದ ಛತ್ರ ಮತ್ತೆ ಛತ್ರವಾಯಿತು. ಯಾವ ಜಾತಿ ಎಂದು ಈ ಬಾರಿ ಬಾಗಿಲಲ್ಲಿ ಕೇಳಲಿಲ್ಲ. ಬೇಡುವವನೋ ದುಡಿಯುವವನೋ ಎಂಬುದೂ ಮುಖ್ಯವಾಗಲಿಲ್ಲ. ಸಂಕಟ ಕಳೆದ ಮೇಲೆ ಅದು ತನ್ನ ಮೇಳಗಳಿಗೆ ಮರಳಿತು. ಅವನ ರೋಗ ನಮಗೆ ತಗುಲಬಹುದೆಂಬ ಭಯ ಇದ್ದಷ್ಟು ದಿನ ಬಾಗಿಲು ತೆರೆದಿತ್ತು ಎಂದು ಯಾರಾದರೂ ಹೇಳಿದರೆ ಅಲ್ಲಗಳೆಯುವುದು ಕಷ್ಟ. ಆದರೂ ಅಸಾಧ್ಯವೆನ್ನುತ್ತಿದ್ದುದು ಕೆಲವೇ ದಿನಗಳಲ್ಲಿ ಸಾಧ್ಯವಾಯಿತೆಂಬುದು ಚರಿತ್ರೆಯಲ್ಲಿ ದಾಖಲಾಗಿದೆ.

ವಾಚನಾಲಯದ ಬಾಗಿಲು

ರಾತ್ರಿಯ ತಂಗುದಾಣವನ್ನು ಬೆಳಗ್ಗೆ ಬಿಟ್ಟವನು ಹಗಲಿಡೀ ಎಲ್ಲಿರಬೇಕು? ಹಣ ಕೊಡದೆ ಕೂರಬಹುದಾದ, ನೆರಳು, ನೀರು, ಫ್ಯಾನು, ಪತ್ರಿಕೆಗಳಿರುವ ಜಾಗ ನಗರದಲ್ಲಿ ಬಹಳವಿಲ್ಲ. ಸಾರ್ವಜನಿಕ ಗ್ರಂಥಾಲಯ ಅಂಥದೊಂದು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಆರಂಭವಾದವು. 1965ರ ಗ್ರಂಥಾಲಯ ಅಧಿನಿಯಮ ಅವುಗಳಿಗೆ ಕಾನೂನಿನ ಬುನಾದಿ ಹಾಕಿತು. ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ವಿಧಿಸುವ ಅವಕಾಶ ಕೊಟ್ಟಿತು.

ಯಾದವಗಿರಿಯ ಮನೆಯೊಡೆಯನೊಬ್ಬ ತನ್ನ ಆಸ್ತಿ ತೆರಿಗೆಯ ರಸೀತಿಯನ್ನು ಬಿಡಿಸಿ ನೋಡಿದರೆ ಅಲ್ಲಿ ಎರಡು ಸಾಲುಗಳಿರುತ್ತವೆ: ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3. ಒಂದು ಬಾಗಿಲು ತೆರೆದಿಡಲು, ಇನ್ನೊಂದು ಬಾಗಿಲು ಮುಚ್ಚಿಡಲು. ನೆಲದ ಬೆಲೆ ಏರಿ ತೆರಿಗೆ ಹೆಚ್ಚಿದಂತೆ ಈ ಎರಡು ಬೊಕ್ಕಸಗಳೂ ತುಂಬುತ್ತವೆ. ಬಡವನನ್ನು ಬಡಾವಣೆಯಿಂದ ಹೊರದೂಡುವ ಅದೇ ಬೆಲೆಯೇರಿಕೆ ಅವನು ಕೂರಬಹುದಾದ ವಾಚನಾಲಯಕ್ಕೂ ಅವನನ್ನು ಕೂಡಿಹಾಕುವ ಕೇಂದ್ರಕ್ಕೂ ಹಣ ಒದಗಿಸುತ್ತದೆ. ನಗರವಾಸಿಯಾದ ಕ್ರೈಸ್ತನೂ ಈ ಎರಡು ಸಾಲುಗಳನ್ನು ಪಾವತಿಸುತ್ತಾನೆ. ಆದ್ದರಿಂದ ಇದು ತನಗೆ ಸಂಬಂಧಿಸಿದ ವಿಷಯವಲ್ಲ ಎಂದು ಅವನು ಹೇಳುವಂತಿಲ್ಲ.

ವಾಚನಾಲಯಕ್ಕೆ ಯಾರು ಬೇಕಾದರೂ ಬರಬಹುದು. ಪುಸ್ತಕ ಎರವಲು ಪಡೆಯಬೇಕಾದರೆ ಮಾತ್ರ ಸಾಮಾನ್ಯವಾಗಿ ಠೇವಣಿ ಬೇಕು, ವಿಳಾಸದ ದಾಖಲೆ ಬೇಕು, ಜಾಮೀನು ನಿಲ್ಲುವವರು ಬೇಕು. ಪುಸ್ತಕಗಳನ್ನು ಕಾಯಲು ಈ ನಿಯಮಗಳಿಗೆ ಕಾರಣವಿದೆ. ಆದರೆ ವಿಳಾಸವಿಲ್ಲದವನು ಪತ್ರಿಕೆ ಓದಬಹುದು, ಪುಸ್ತಕ ಒಯ್ಯಲಾರ, ಕೂರಬಹುದು, ಸದಸ್ಯನಾಗಲಾರ. ಬರೆಯದ ನಿಯಮಗಳು ಇದಕ್ಕಿಂತ ಬಿಗಿ: ಮಾಸಿದ ಬಟ್ಟೆ, ಕಂಕುಳಲ್ಲಿ ಗಂಟು, ಮೈಯ ವಾಸನೆ ಇವುಗಳನ್ನು ಕಂಡಾಗ ಕಾವಲುಗಾರನ ಕಣ್ಣು ಬದಲಾಗುತ್ತದೆ. ಅಮೆರಿಕದ ಮಾರಿಸ್‌ಟೌನ್ ಊರಿನ ಗ್ರಂಥಾಲಯದಿಂದ ಹೊರಹಾಕಲ್ಪಟ್ಟ ಮನೆಯಿಲ್ಲದ ಓದುಗ ರಿಚರ್ಡ್ ಕ್ರೈಮರ್ ಹೂಡಿದ ದಾವೆಯಲ್ಲಿ 1992ರಲ್ಲಿ ಮೇಲ್ಮನವಿ ನ್ಯಾಯಾಲಯವು, ಗ್ರಂಥಾಲಯದಲ್ಲಿ ಅರಿವು ಪಡೆಯುವುದು ಸಂವಿಧಾನದತ್ತ ಹಕ್ಕು ಎಂದು ಒಪ್ಪಿತು; ಇತರರಿಗೆ ತೊಂದರೆಯಾಗುವಷ್ಟು ಮೈವಾಸನೆಯುಳ್ಳವರನ್ನು ಹೊರಕಳಿಸುವ ನಿಯಮವನ್ನೂ ಎತ್ತಿಹಿಡಿಯಿತು. 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಗ್ರಂಥಾಲಯ ಬೇರೆ ದಾರಿ ಹಿಡಿದು, ಇಂಥ ಓದುಗರಿಗಾಗಿ ಸಮಾಜಕಾರ್ಯಕರ್ತರೊಬ್ಬರನ್ನು ನೇಮಿಸಿಕೊಂಡಿತು. ಒಂದು ಕಡೆ ವಾಸನೆಗೆ ನಿಯಮ, ಇನ್ನೊಂದು ಕಡೆ ಸ್ನಾನಕ್ಕೆ ದಾರಿ ತೋರಿಸುವ ವ್ಯಕ್ತಿ.

ಶುಭಸಂದೇಶದಲ್ಲಿ ಲಾಜರನೆಂಬ ಹೆಸರು ಎರಡು ಕಡೆ ಬರುತ್ತದೆ. ಲೂಕರಲ್ಲಿ ಅವನು ಶ್ರೀಮಂತನ ಬಾಗಿಲಲ್ಲಿ ಹುಣ್ಣು ತುಂಬಿದ ಮೈಯೊಂದಿಗೆ ಬಿದ್ದಿದ್ದಾನೆ. ಯೊವಾನ್ನರಲ್ಲಿ ಅವನ ಸಮಾಧಿಯ ಕಲ್ಲನ್ನು ತೆಗೆಯಲು ಪ್ರಭು ಹೇಳಿದಾಗ, ನಾಲ್ಕು ದಿನಗಳಾಗಿವೆ, ನಾರುತ್ತದೆ ಎಂದು ಸೋದರಿಯೇ ತಡೆಯುತ್ತಾಳೆ. ಪ್ರಭು ಆ ಮಾತನ್ನು ಸುಳ್ಳೆನ್ನುವುದಿಲ್ಲ; ಕಲ್ಲನ್ನು ಹಾಗೆಯೇ ಬಿಡುವುದೂ ಇಲ್ಲ. ಸಂತ ಯಾಕೋಬರ ಪತ್ರದ ಎರಡನೆಯ ಅಧ್ಯಾಯವು ಚಿನ್ನದುಂಗುರದವನಿಗೆ ಪೀಠವನ್ನೂ ಕೊಳೆಬಟ್ಟೆಯವನಿಗೆ ಕಾಲಬಳಿಯ ನೆಲವನ್ನೂ ತೋರಿಸುವ ಸಭೆಯನ್ನು ಖಂಡಿಸುವಾಗ, ಆ ಖಂಡನೆ ಬಾಗಿಲಲ್ಲಿ ಸ್ಥಳ ತೋರಿಸುವವನಿಗೆ ನೇರವಾಗಿ ಅನ್ವಯಿಸುತ್ತದೆ.

ನಮ್ಮ ನಗರದಲ್ಲೇ ಈ ವಿಚಾರಕ್ಕೆ ಉತ್ತರ ಕೊಟ್ಟವರು ಸಯ್ಯದ್ ಇಸಾಕ್. ಶಾಲೆಯ ಭಾಗ್ಯವಿಲ್ಲದ, ಒಳಚರಂಡಿಯ ಕೆಲಸ ಮಾಡಿಕೊಂಡಿದ್ದ ಈ ಕೂಲಿಕಾರರು 2011ರಲ್ಲಿ ರಾಜೀವನಗರದ ಶೆಡ್ಡೊಂದರಲ್ಲಿ ಉಚಿತ ಗ್ರಂಥಾಲಯ ತೆರೆದರು. ಹತ್ತು ವರ್ಷಗಳಲ್ಲಿ ಸುಮಾರು 11,000 ಪುಸ್ತಕಗಳು ಸೇರಿದವು. ಹೆಚ್ಚಿನವು ಕನ್ನಡದವು, ಭಗವದ್ಗೀತೆ, ಕುರಾನ್, ಬೈಬಲ್ ಒಂದೇ ಕಪಾಟಿನ ನೆರೆಯವರಾಗಿದ್ದವು. 2021ರ ಏಪ್ರಿಲ್ 9ರ ನಸುಕಿನಲ್ಲಿ ಅದು ಸುಟ್ಟುಹೋಯಿತು. ಮತ್ತೆ ಕಟ್ಟುತ್ತೇನೆ ಎಂದು ಅವರು ನಿಂತಾಗ ನಾಡಿನ ಮೂಲೆಮೂಲೆಯಿಂದ ನೆರವಿನ ಕೈಗಳು ಚಾಚಿದವು. ನೆಲದಡಿಯ ಕೊಳಚೆಯಲ್ಲಿ ಇಳಿದು ದುಡಿದವರಿಗೆ ಓದುಗನ ಮೈಯ ವಾಸನೆ ಪ್ರಶ್ನೆಯಾಗಲಿಲ್ಲ. ದ್ವಾರಪಾಲಕ ಮತ್ತು ವಾಚಕ ಎಂಬ ಎರಡು ಪ್ರಾಚೀನ ಸೇವೆಗಳು, ನಮ್ಮ ಸಭೆಯ ಹೊರಗೆ, ಒಬ್ಬ ಮುಸ್ಲಿಂ ಕೂಲಿಕಾರರಲ್ಲಿ ಕೂಡಿಬಂದವು.

ವಿವೇಕಾನಂದ ರಸ್ತೆಯ ಮನೆ

ನೆಲದ ಬೆಲೆಯನ್ನು ಯಾರೂ ತಡೆಯಲಾರರು, ಮಾರುಕಟ್ಟೆ ತನ್ನ ದಾರಿಯಲ್ಲಿ ನಡೆಯುತ್ತದೆ ಎಂಬ ಮಾತು ಯಾವಾಗಲೂ ಕೇಳಿಬರುತ್ತದೆ. ಯಾದವಗಿರಿಯೇ ಇದಕ್ಕೆ ವಿರುದ್ಧ ಸಾಕ್ಷಿ ನುಡಿಯುತ್ತದೆ. ವಿವೇಕಾನಂದ ರಸ್ತೆಯಲ್ಲಿ ಲೇಖಕ ಆರ್.ಕೆ. ನಾರಾಯಣ್ ಕಟ್ಟಿಸಿ ದಶಕಗಳ ಕಾಲ ಬಾಳಿದ ಮನೆಯನ್ನು 2011ರಲ್ಲಿ ಕೆಡವಲು ಆರಂಭಿಸಲಾಗಿತ್ತು. ನಾಗರಿಕರು ದನಿಯೆತ್ತಿದರು, ಆಡಳಿತ ಕೆಲಸ ನಿಲ್ಲಿಸಿತು, ಮನೆಯನ್ನು ಸಾರ್ವಜನಿಕ ಹಣದಿಂದ ಕೊಂಡು, ದುರಸ್ತಿಪಡಿಸಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಇದು ಒಳ್ಳೆಯ ಕೆಲಸ. ಮೈಸೂರಿನ ಸಣ್ಣ ಮನುಷ್ಯರನ್ನು ಕತೆಗಳಲ್ಲಿ ಉಳಿಸಿದವರ ಮನೆ ಉಳಿಯಬೇಕಾದದ್ದೇ.

ಈ ಘಟನೆ ಒಂದು ತತ್ತ್ವವನ್ನು ಸ್ಥಾಪಿಸಿತು: ಸಮುದಾಯಕ್ಕೆ ಅಮೂಲ್ಯವಾದುದೊಂದಕ್ಕಾಗಿ, ಯಾದವಗಿರಿಯಂಥ ಕಡೆಯಲ್ಲೂ, ನೆಲವನ್ನು ಮಾರುಕಟ್ಟೆಯ ಕೈಯಿಂದ ಹಿಂದಕ್ಕೆ ಪಡೆಯಬಹುದು. ನೆನಪಿಗಾಗಿ ಪಡೆಯಬಹುದಾದರೆ ಜೀವಂತ ದೇಹಕ್ಕಾಗಿ ಏಕೆ ಪಡೆಯಬಾರದು? ದ್ವಿತೀಯ ವ್ಯಾಟಿಕನ್ ಮಹಾಸಭೆಯು ಭೂಮಿಯ ಸಂಪತ್ತು ಎಲ್ಲರಿಗಾಗಿ ಉದ್ದೇಶಿತವಾದುದೆಂದು ಬೋಧಿಸಿದೆ. ಜಗದ್ಗುರು ಫ್ರಾನ್ಸಿಸರ 2020ರ ‘ಫ್ರಾತೆಲ್ಲಿ ತುತ್ತಿ’ ಖಾಸಗಿ ಒಡೆತನದ ಸಾಮಾಜಿಕ ಹೊಣೆಯನ್ನು ನೆನಪಿಸಿದೆ. 1987ರಲ್ಲಿ, ವಿಶ್ವಸಂಸ್ಥೆಯ ಆಶ್ರಯಹೀನರ ವರ್ಷದಂದು, ನ್ಯಾಯ ಮತ್ತು ಶಾಂತಿಯ ಪೀಠಾಧೀನ ಆಯೋಗವು ಕಾಯಿನನಿಗೆ ಕೇಳಲಾದ ಪ್ರಶ್ನೆಯ ಧಾಟಿಯಲ್ಲೇ, ಮನೆಯಿಲ್ಲದ ಸಹೋದರನನ್ನು ಏನು ಮಾಡಿದೆ ಎಂಬ ಶೀರ್ಷಿಕೆಯ ದಾಖಲೆ ಹೊರಡಿಸಿತು. ಬೋಧನೆಗೆ ಕೊರತೆಯಿಲ್ಲ.

ನಮ್ಮ ಬಾಗಿಲು

ಮೈಸೂರಿನ ಕಥೋಲಿಕ ಸಭೆಯೂ ಈ ನಗರದಲ್ಲಿ ಅತಿಥಿಯಾಗಿ ಬಂದದ್ದು. 1843ರ ಹಳೆಯ ದೇವಾಲಯ ಮುಮ್ಮಡಿ ಕೃಷ್ಣರಾಜ ಒಡೆಯರ ಔದಾರ್ಯದಿಂದ ಎದ್ದದ್ದು; ಈಗಿನ ಸಂತ ಫಿಲೋಮಿನಾ ದೇವಾಲಯಕ್ಕೆ 1933ರಲ್ಲಿ ಅಸ್ತಿಭಾರ ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಅನ್ಯಧರ್ಮೀಯ ಅರಸರು ನಮಗೆ ಬಾಗಿಲು ತೆರೆದರು. ಅಂದು ದೊರೆತ, ಕೊಂಡ ನೆಲಗಳು ಇಂದು ನಗರದ ಅತಿ ಬೆಲೆಬಾಳುವ ನೆಲಗಳ ಪೈಕಿ ಇವೆ. ಅವುಗಳಿಗೆ ಎತ್ತರದ ಗೋಡೆಗಳಿವೆ, ಗೇಟುಗಳಿವೆ, ಗೇಟಿನಲ್ಲಿ ಕಡಿಮೆ ಸಂಬಳದ ಕಾವಲುಗಾರನಿದ್ದಾನೆ. ನಮ್ಮ ಪರವಾಗಿ ಬಡವನೊಡನೆ ಮಾತನಾಡುವವನು ಅವನೇ. ಬಹುಮಟ್ಟಿಗೆ ಅವನ ಉತ್ತರವೇ ಧರ್ಮಸಭೆಯ ಉತ್ತರವಾಗಿ ಬಡವನಿಗೆ ತಲಪುತ್ತದೆ.

ಸಂತ ಬೆನೆಡಿಕ್ಟರ ನಿಯಮಾವಳಿಯ 66ನೆಯ ಅಧ್ಯಾಯ ಬಾಗಿಲಿನ ಕೆಲಸಕ್ಕೆ ಅನುಭವಿಯಾದ, ವಿವೇಕವುಳ್ಳ ಹಿರಿಯನನ್ನೇ ನೇಮಿಸಬೇಕೆನ್ನುತ್ತದೆ. ತಟ್ಟಿದವನಿಗೆ, ಕೂಗಿದ ಬಡವನಿಗೆ ಅವನ ಮೊದಲ ಮಾತು ದೇವರಿಗೆ ವಂದನೆಯಾಗಿರಬೇಕು. 53ನೆಯ ಅಧ್ಯಾಯ ಇನ್ನೂ ಸೂಕ್ಷ್ಮವಾಗಿದೆ: ಶ್ರೀಮಂತನಿಗೆ ಅವನ ಭಯವೇ ಗೌರವ ತಂದುಕೊಡುತ್ತದೆ, ಆದ್ದರಿಂದ ಕಾಳಜಿಯೆಲ್ಲ ಬಡವನ ಕಡೆಗಿರಲಿ ಎಂಬುದು ಅಲ್ಲಿನ ವಿವೇಕ. ಬಾಗಿಲಿನ ಕೆಲಸವನ್ನು ಅತ್ಯಂತ ಕಿರಿಯನಿಗೆ ವಹಿಸುವ ನಮ್ಮ ರೂಢಿ ಇದಕ್ಕೆ ತದ್ವಿರುದ್ಧ.

ಆಕ್ಷೇಪಗಳು ಸಹಜ. ಕಳ್ಳತನವಾದರೆ? ಕುಡಿದು ಬಂದರೆ? ವಿದ್ಯಾರ್ಥಿಗಳ ಓದಿಗೆ ಭಂಗವಾದರೆ? ಇವು ಸುಳ್ಳು ಭಯಗಳಲ್ಲ. ಬೆನೆಡಿಕ್ಟರಿಗೆ ವಿವೇಕಿಯಾದ ಹಿರಿಯನೇ ಬೇಕಾದದ್ದು ಇದಕ್ಕಾಗಿಯೇ. ಆದರೆ ಭಯವನ್ನು ನಿಭಾಯಿಸುವ ಹೊಣೆ ವ್ಯಕ್ತಿಯೊಬ್ಬನದಾಗಬೇಕು. ಅದನ್ನು ಗೋಡೆಗೆ ಬಿಟ್ಟುಕೊಡಬಾರದು. ಧರ್ಮಕೇಂದ್ರದ ಸಭಾಂಗಣದ ಒಂದು ಕೋಣೆ ಹಗಲಿನ ವಾಚನಾಲಯವಾಗಬಹುದು. ಅದರ ಪಕ್ಕ ಒಂದು ಬಚ್ಚಲು, ಗಂಟು ಇಡಲು ಒಂದು ಕಪಾಟು. ವಿಳಾಸವಿಲ್ಲದ ಓದುಗನಿಗೆ ಸಾರ್ವಜನಿಕ ಗ್ರಂಥಾಲಯದಲ್ಲಿ ಧರ್ಮಕೇಂದ್ರದ ಗುರುವೇ ಜಾಮೀನು ನಿಲ್ಲಬಹುದು. ಪುಸ್ತಕ ಕಳೆದರೆ ಬೆಲೆ ತೆತ್ತರಾಯಿತು. ತಂಗುದಾಣವನ್ನು ನಗರದ ಅಂಚಿಗೆ ಒಯ್ಯುವ ಪ್ರಸ್ತಾಪ ಬಂದಾಗ, ನಮ್ಮ ಆವರಣದ ಪಕ್ಕದಲ್ಲೇ ಇರಲಿ ಎಂದು ಕೇಳುವ ಮೊದಲ ದನಿ ನಮ್ಮದಾಗಬಹುದು. ಗುರುಮಠದ ವಿದ್ಯಾರ್ಥಿಗಳು ವಾಚಕ ಸೇವೆಗೆ ನೇಮಕವಾಗುವ ಮುನ್ನ ಕೆಲವು ತಿಂಗಳು ಗೇಟಿನಲ್ಲಿ ಸೇವೆ ಸಲ್ಲಿಸಲಿ. ಅಳಿದ ದೀಕ್ಷೆಯನ್ನು ಮತ್ತೆ ತರಬೇಕಾಗಿಲ್ಲ. ಅದರ ಕೆಲಸವನ್ನು ಮತ್ತೆ ಆರಂಭಿಸಬೇಕು.

ಮತ್ತಾಯರ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ನ್ಯಾಯಾಧಿಪತಿಯು ಪರಕೀಯನಾಗಿ ತಾನು ಬಂದದ್ದನ್ನು ನೆನಪಿಸುತ್ತಾನೆ. ಎಡಬಲಗಳಲ್ಲಿರುವ ಇಬ್ಬರೂ ಅವನನ್ನು ಗುರುತಿಸಿರಲಿಲ್ಲ ಎಂಬುದು ಆ ದೃಶ್ಯದ ವಿಶೇಷ. ಬರಮಾಡಿಕೊಂಡವರಿಗೂ ಅವನು ಯಾರೆಂದು ತಿಳಿದಿರಲಿಲ್ಲ. ಅವರು ಬಾಗಿಲಲ್ಲಿ ಜಾತಿ, ಕಸುಬು, ವಿಳಾಸ ಕೇಳಿ ತಿಳಿದುಕೊಳ್ಳಲಿಲ್ಲ. ಅವನು ಹೊರಗೆ ನಿಂತಿದ್ದಾನೆ ಎಂಬುದಷ್ಟೇ ಅವರಿಗೆ ಸಾಕಾಗಿತ್ತು.